‘ಇದು ಸುರಕ್ಷಿತ’ - ನಿದ್ದೆ ಮಾತ್ರೆಯ ನೂರೈವತ್ತು ವರ್ಷಗಳು

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಪತ್ನಿ ತೀರಿಕೊಂಡ ವರ್ಷ ಅವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ವೈದ್ಯರು ಹದಿನೈದು ದಿನಕ್ಕೆಂದು ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಆ ಹದಿನೈದು ದಿನ ಎಂಟು ವರ್ಷವಾಯಿತು. ಚೀಟಿ ಹಳೆಯದಾಗಿ ಮಡಿಕೆಯಲ್ಲೇ ಹರಿದುಹೋದರೂ ಮೆಡಿಕಲ್ ಅಂಗಡಿಯ ಹುಡುಗ ಮುಖ ನೋಡಿಯೇ ಮಾತ್ರೆ ಕೊಡುತ್ತಿದ್ದ. ಒಂದು ರಾತ್ರಿ ಮೂತ್ರಕ್ಕೆಂದು ಎದ್ದವರು ಬಚ್ಚಲ ಹೊಸ್ತಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ನೋಡಲು ಹೋದಾಗ ಅವರು ನನ್ನನ್ನು ಹತ್ತಿರ ಕರೆದು ಕೇಳಿದರು: “ಅಲ್ಲಪ್ಪಾ, ನೀನು ಇಷ್ಟೆಲ್ಲ ಓದುತ್ತೀಯಲ್ಲ. ಇದಕ್ಕಿಂತ ಸುರಕ್ಷಿತವಾದ ನಿದ್ದೆ ಮಾತ್ರೆ ಯಾವುದೂ ಇಲ್ಲವಾ?”

ನನಗೆ ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ತಿರುವಿ ಹಾಕಿದಾಗ ಒಂದು ವಿಷಯ ಸ್ಪಷ್ಟವಾಯಿತು. ಮೇಷ್ಟ್ರ ಪ್ರಶ್ನೆ ಹೊಸದಲ್ಲ. ಕಳೆದ ನೂರೈವತ್ತು ವರ್ಷಗಳಲ್ಲಿ ಪ್ರತಿಯೊಂದು ತಲೆಮಾರೂ ಇದೇ ಪ್ರಶ್ನೆಯನ್ನು ಕೇಳಿದೆ. ಪ್ರತಿಯೊಂದು ತಲೆಮಾರಿಗೂ ಒಂದು ಹೊಸ ಮಾತ್ರೆಯ ರೂಪದಲ್ಲಿ “ಇದೆ, ಇಗೋ ಇದು ಸುರಕ್ಷಿತ” ಎಂಬ ಉತ್ತರ ಸಿಕ್ಕಿದೆ. ಆ ಉತ್ತರಗಳಿಗೆ ಮುಂದೆ ಏನಾಯಿತು ಎಂಬುದು ತಿಳಿಯದೆ ಇಂದಿನ ಮಾತ್ರೆಯನ್ನು ಆರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಆ ಇತಿಹಾಸವನ್ನು ಇಲ್ಲಿ ಒಮ್ಮೆ ನೋಡೋಣ.

ಹಳೆಯ ವೈದ್ಯರ ತಕ್ಕಡಿ

ಮಾತ್ರೆಗಳಿಗಿಂತ ಮೊದಲು ಅಫೀಮು ಇತ್ತು. ಗಸಗಸೆ ಗಿಡದ ಕಾಯಿಯಿಂದ ಒಸರುವ ಹಾಲು ನೋವನ್ನು ಮರೆಸಿ ನಿದ್ದೆ ತರಿಸುತ್ತದೆ ಎಂಬುದು ಗ್ರೀಕರಿಗೂ ಅರಬರಿಗೂ ಭಾರತೀಯರಿಗೂ ಗೊತ್ತಿತ್ತು. ಅದು ಕೊಲ್ಲುತ್ತದೆ ಎಂಬುದೂ ಗೊತ್ತಿತ್ತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ‘ಅಲ್ ಕಾನೂನ್’ ಎಂಬ ಮಹಾಗ್ರಂಥವನ್ನು ರಚಿಸಿದ ಇಬ್ನ್ ಸೀನಾ ನೋವು ಶಮನದ ಕುರಿತು ಬರೆಯುವಾಗ ಅಫೀಮನ್ನು ಮರಗಟ್ಟಿಸುವ ಔಷಧಗಳ ಪೈಕಿ ಪ್ರಬಲವಾದುದೆಂದು ಗುರುತಿಸುತ್ತಾರೆ. ಇಂಥ ಔಷಧವನ್ನು ಬಳಸುವ ಮುನ್ನ ರೋಗಿಗೆ ನೋವಿನಿಂದಾಗುವ ಹಾನಿ ಹೆಚ್ಚೋ, ಔಷಧದಿಂದಾಗುವ ಹಾನಿ ಹೆಚ್ಚೋ ಎಂದು ತೂಗಿ ನೋಡಬೇಕು ಎಂಬುದು ಅವರ ನಿಲುವು. ಅಂದರೆ ಒಂದು ಔಷಧ ತನ್ನಷ್ಟಕ್ಕೆ ಸುರಕ್ಷಿತವೂ ಅಲ್ಲ, ಅಪಾಯಕಾರಿಯೂ ಅಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಂದಿನ ವೈದ್ಯಪದ್ಧತಿಯಲ್ಲಿ ನಿದ್ದೆಗೆ ಔಷಧವೊಂದೇ ದಾರಿಯೂ ಆಗಿರಲಿಲ್ಲ. ತಲೆಗೆ ಎಣ್ಣೆ, ಬಿಸಿನೀರ ಸ್ನಾನ, ಆಹಾರದ ಬದಲಾವಣೆ ಎಲ್ಲವೂ ಚಿಕಿತ್ಸೆಯ ಭಾಗವಾಗಿದ್ದವು. ಉಸ್ಮಾನಿ ಸುಲ್ತಾನ ಎರಡನೇ ಬಾಯಝೀದ್ ಎದಿರ್ನೆ ನಗರದಲ್ಲಿ ಕಟ್ಟಿಸಿದ ಆಸ್ಪತ್ರೆ 1488ರಲ್ಲಿ ಪೂರ್ಣಗೊಂಡಿತು. ಹದಿನೇಳನೆಯ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಅಲ್ಲಿ ಮನೋರೋಗಿಗಳಿಗಾಗಿ ಸಂಗೀತಗಾರರು ನುಡಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಗುಮ್ಮಟದ ಕೆಳಗಿನ ಕಾರಂಜಿಯ ನೀರಿನ ಸದ್ದು ಕೂಡ ಅಲ್ಲಿ ಮನಸ್ಸನ್ನು ಶಾಂತಗೊಳಿಸುವ ಸಾಧನವಾಗಿತ್ತು. ಇದನ್ನೆಲ್ಲ ಹೊಗಳಿ ಹಾಡುವುದು ನನ್ನ ಉದ್ದೇಶವಲ್ಲ. ಆ ಕಾಲದಲ್ಲೂ ಅಫೀಮಿನಿಂದ ಜನ ಸತ್ತಿದ್ದಾರೆ. ಆದರೆ ತೂಗಿ ನೋಡುವ ಆ ತಕ್ಕಡಿ ನೆನಪಿರಲಿ. ಮುಂದಿನ ಕಥೆಯಲ್ಲಿ ಅದು ಮತ್ತೆ ಮತ್ತೆ ಕಳೆದುಹೋಗುತ್ತದೆ.

ಪ್ರಯೋಗಶಾಲೆಯಿಂದ ಬಂದ ನಿದ್ದೆ

1869ರಲ್ಲಿ ಬರ್ಲಿನ್ನಿನ ಆಸ್ಕರ್ ಲೀಬ್ರೈಶ್ ಎಂಬ ವಿಜ್ಞಾನಿ ಕ್ಲೋರಲ್ ಹೈಡ್ರೇಟ್ ನಿದ್ದೆ ತರಿಸುತ್ತದೆ ಎಂದು ಪ್ರಕಟಿಸಿದರು. ಈ ರಾಸಾಯನಿಕವನ್ನು 1832ರಲ್ಲೇ ಲೀಬಿಗ್ ತಯಾರಿಸಿದ್ದರು. ಆದರೆ ಅದು ಔಷಧವಾಗಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಕ್ಲೋರಲ್ ರಕ್ತದಲ್ಲಿ ನಿಧಾನವಾಗಿ ಕ್ಲೋರೋಫಾರ್ಮ್ ಆಗಿ ಮಾರ್ಪಡುತ್ತದೆ, ಹಾಗಾಗಿ ನಿದ್ದೆ ಬರುತ್ತದೆ ಎಂಬುದು ಲೀಬ್ರೈಶ್ ಅವರ ತರ್ಕ. ಆ ತರ್ಕ ತಪ್ಪೆಂದು ನಂತರ ತಿಳಿಯಿತು. ಆದರೆ ನಿದ್ದೆ ಮಾತ್ರ ನಿಜವಾಗಿಯೂ ಬಂತು! ಹೀಗೆ ಮನುಷ್ಯ ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೊದಲ ನಿದ್ರಾಜನಕ ತಪ್ಪು ಕಾರಣಕ್ಕಾಗಿ ಸರಿಯಾದ ಕೆಲಸ ಮಾಡಿತು. ಅಫೀಮಿನ ಚಟಕ್ಕೆ ಹೆದರಿದ್ದ ಯುರೋಪಿಗೆ ಇದು ಸುರಕ್ಷಿತ ಬದಲಿಯಾಗಿ ಕಂಡಿತು. ಕೆಲವೇ ವರ್ಷಗಳಲ್ಲಿ ಕ್ಲೋರಲ್‌ನ ಚಟ ಹತ್ತಿಸಿಕೊಂಡವರ ಕಥೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬರತೊಡಗಿದವು. ಇಂಗ್ಲಿಷ್ ಕವಿ, ಚಿತ್ರಕಾರ ದಾಂತೆ ಗೇಬ್ರಿಯಲ್ ರೊಸೆಟ್ಟಿ ಅವರಲ್ಲೊಬ್ಬ.

ಇದೇ ಕಾಲದಲ್ಲಿ ಬ್ರೋಮೈಡ್ ಉಪ್ಪುಗಳೂ ಪ್ರಚಾರಕ್ಕೆ ಬಂದವು. 1857ರಲ್ಲಿ ಲಂಡನ್ನಿನ ವೈದ್ಯ ಚಾರ್ಲ್ಸ್ ಲೋಕಾಕ್ ಇವನ್ನು ಅಪಸ್ಮಾರಕ್ಕೆ ಬಳಸಿದ್ದರು. ಮುಂದೆ ಮನೆಮನೆಯ ಶಾಮಕವಾಗಿ ಬ್ರೋಮೈಡ್ ಹರಡಿತು. ಅದರ ತೊಂದರೆಯೆಂದರೆ ಅದು ದೇಹದಿಂದ ಬೇಗ ಹೊರಹೋಗುವುದಿಲ್ಲ. ದಿನದಿನಕ್ಕೂ ರಕ್ತದಲ್ಲಿ ಸೇರುತ್ತಾ ಹೋಗಿ ಕೊನೆಗೆ ಗೊಂದಲ, ಮರೆವು, ಭ್ರಮೆ, ಚರ್ಮದ ಗುಳ್ಳೆಗಳನ್ನು ತರುತ್ತದೆ. ನಿದ್ದೆಗೆಂದು ಕುಡಿದ ಔಷಧದಿಂದಲೇ ಬುದ್ಧಿಭ್ರಮೆಯಾಗಿ ಮನೋರೋಗಾಸ್ಪತ್ರೆ ಸೇರಿದವರಿದ್ದರು.

ಆಮೇಲೆ ಬಂದದ್ದು ಬಾರ್ಬಿಟುರೇಟ್ ವರ್ಗ. 1902ರಲ್ಲಿ ನೊಬೆಲ್ ಪಡೆದಿದ್ದ ರಸಾಯನ ವಿಜ್ಞಾನಿ ಎಮಿಲ್ ಫಿಷರ್ ಮತ್ತು ವೈದ್ಯ ಯೋಸೆಫ್ ಫಾನ್ ಮೇರಿಂಗ್ 1903ರಲ್ಲಿ ಬಾರ್ಬಿಟಾಲ್ ಎಂಬ ನಿದ್ರಾಜನಕವನ್ನು ಪ್ರಕಟಿಸಿದರು. ಅದು ‘ವೆರೋನಾಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕ್ಲೋರಲ್‌ನ ಕೆಟ್ಟ ರುಚಿ ಇಲ್ಲ, ಹೊಟ್ಟೆಯ ಉರಿ ಇಲ್ಲ, ಬ್ರೋಮೈಡ್‌ನ ಭ್ರಮೆ ಇಲ್ಲ. 1912ರಲ್ಲಿ ಇದೇ ವರ್ಗದ ಫಿನೋಬಾರ್ಬಿಟಾಲ್ ಬಂತು. ಅಪಸ್ಮಾರದ ಚಿಕಿತ್ಸೆಯಲ್ಲಿ ಅದು ಇಂದಿಗೂ ಉಪಯುಕ್ತ. ಈ ವರ್ಗದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ತಯಾರಾದವು, ಸುಮಾರು ಐವತ್ತು ಮಾರುಕಟ್ಟೆ ಕಂಡವು. ಇಪ್ಪತ್ತನೆಯ ಶತಮಾನದ ಮೊದಲರ್ಧದ ನಿದ್ದೆ ಇವುಗಳದ್ದೇ ಎನ್ನಬಹುದು.

ಆದರೆ ಬಾರ್ಬಿಟುರೇಟ್‌ಗಳಲ್ಲಿ ನಿದ್ದೆ ತರುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಅಭ್ಯಾಸವಾದಂತೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ಆದರೆ ಉಸಿರಾಟದ ಕೇಂದ್ರ ಆ ಮಟ್ಟಿಗೆ ಒಗ್ಗಿಕೊಳ್ಳುವುದಿಲ್ಲ. ಮದ್ಯ ಸೇರಿದರಂತೂ ಅಪಾಯ ಇನ್ನೂ ಹೆಚ್ಚು. 1962ರ ಆಗಸ್ಟ್‌ನಲ್ಲಿ ನಟಿ ಮರ್ಲಿನ್ ಮನ್ರೋ ಸಾವಿಗೆ ಬಾರ್ಬಿಟುರೇಟ್ ವಿಷವೇ ಕಾರಣವೆಂದು ತಿಳಿದಾಗ ಜಗತ್ತು ಬೆಚ್ಚಿತು. ಆದರೆ ಹೆಸರಿಲ್ಲದ ಸಾವಿರಾರು ಮನೆಗಳಲ್ಲಿ ಈ ದುಃಖ ಅದಕ್ಕೂ ಮೊದಲೇ ನಡೆದುಹೋಗಿತ್ತು.

ದಿಲ್ಲಿಯ ಬೇರು, ಹೈದರಾಬಾದಿನ ಪುಡಿ

ಈ ಕಥೆಯಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಅದು ಹೆಚ್ಚು ಜನರಿಗೆ ತಿಳಿದಿಲ್ಲ.

ಸರ್ಪಗಂಧ ಎಂಬ ಸಣ್ಣ ಗಿಡದ ಬೇರು ನಮ್ಮಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿತ್ತು. ಯುನಾನಿ ವೈದ್ಯರು ಅದನ್ನು ‘ಅಸ್ರೋಲ್’ ಎನ್ನುತ್ತಾರೆ. ಉತ್ತರ ಭಾರತದ ಹಳ್ಳಿಗಳಲ್ಲಿ ಅದಕ್ಕೆ ‘ಪಾಗಲ್ ಕೀ ದವಾ’ ಅಂದರೆ ಹುಚ್ಚಿನ ಔಷಧ ಎಂಬ ಹೆಸರೇ ಇತ್ತು. ಉದ್ರೇಕಗೊಂಡವರನ್ನು ಅದು ಶಾಂತಗೊಳಿಸಿ ಮಲಗಿಸುತ್ತಿತ್ತು. ದಿಲ್ಲಿಯ ಹಕೀಮ್ ಅಜ್ಮಲ್ ಖಾನ್ ಸ್ವಾತಂತ್ರ್ಯ ಹೋರಾಟದ ಮುಂದಾಳು ಮಾತ್ರವಲ್ಲ, ದೇಸೀ ವೈದ್ಯ ಪದ್ಧತಿಗಳನ್ನು ಆಧುನಿಕ ವಿಜ್ಞಾನದ ಒರೆಗಲ್ಲಿಗೆ ಹಚ್ಚಬೇಕೆಂದು ಹಂಬಲಿಸಿದವರು. ಅವರ ಶ್ರಮದಿಂದ ಎದ್ದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಜರ್ಮನಿಯಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಮರಳಿದ ತರುಣ ಸಲೀಮುಝ್ಝಮಾನ್ ಸಿದ್ದೀಕಿ ಅಲ್ಲಿನ ಸಂಶೋಧನೆಯ ಹೊಣೆ ಹೊತ್ತರು. 1927ರ ಕೊನೆಗೆ ಹಕೀಮ್ ಸಾಹೇಬರು ತೀರಿಕೊಂಡರು. 1931ರಲ್ಲಿ ಸಿದ್ದೀಕಿ ಮತ್ತು ಅವರ ಸಂಗಡಿಗರು ಸರ್ಪಗಂಧದ ಬೇರಿನಿಂದ ಹಲವು ಕ್ಷಾರಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ ಗುರುವಿನ ನೆನಪಿಗಾಗಿ ‘ಅಜ್ಮಲೈನ್’ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತದ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದೇ ಬೇರು ಮಾನಸಿಕ ಉದ್ರೇಕವನ್ನೂ ಏರಿದ ರಕ್ತದೊತ್ತಡವನ್ನೂ ತಗ್ಗಿಸುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರ ಲೇಖನದಿಂದ ಪಶ್ಚಿಮ ದೇಶಗಳು ಕಣ್ಣರಳಿಸಿದವು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ‘ರೆಸರ್ಪಿನ್’ ಬೇರ್ಪಟ್ಟಿತು.

ಇಲ್ಲಿ ಹೆಮ್ಮೆಪಡಲು ಕಾರಣವಿದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ರೆಸರ್ಪಿನ್ ಸೇವಿಸಿದ ಕೆಲವರಲ್ಲಿ ಮನಸ್ಸು ಕುಗ್ಗಿ ಖಿನ್ನತೆ ಕಾಣಿಸಿಕೊಂಡ ವರದಿಗಳು 1950ರ ದಶಕದಲ್ಲೇ ಬಂದವು. ಅವುಗಳ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಆದರೆ ರಕ್ತದೊತ್ತಡವನ್ನು ಇಳಿಸುವಷ್ಟು ಶಕ್ತಿಯಿರುವ ಬೇರನ್ನು ‘ಗಿಡಮೂಲಿಕೆಯಲ್ಲವೇ, ಏನೂ ಆಗದು’ ಎಂದು ನಿದ್ದೆಗಾಗಿ ತಾನೇ ತೆಗೆದುಕೊಳ್ಳುವುದು ಸರಿಯಲ್ಲ ಎಂಬುದರಲ್ಲಿ ಚರ್ಚೆಯಿಲ್ಲ. ಸಸ್ಯದಿಂದ ಬಂದದ್ದೆಲ್ಲ ನಿರಪಾಯವಲ್ಲ. ಅಫೀಮೂ ಸಸ್ಯವೇ ತಾನೇ?

ಎರಡನೆಯ ಕಥೆ ಹೈದರಾಬಾದಿನದು. 1951ರಲ್ಲಿ ಇಂದ್ರ ಕಿಶೋರ್ ಕಕ್ಕರ್ ಮತ್ತು ಸಯ್ಯದ್ ಹುಸೈನ್ ಝಹೀರ್ ಮಲೇರಿಯಾಕ್ಕೆ ಹೊಸ ಮದ್ದು ಹುಡುಕುತ್ತಾ ಮೆಥಾಕ್ವಲೋನ್ ಎಂಬ ರಾಸಾಯನಿಕವನ್ನು ತಯಾರಿಸಿದರು. ಝಹೀರ್ ಅವರು ಪ್ರಗತಿಶೀಲ ಲೇಖಕ ಸಜ್ಜಾದ್ ಝಹೀರ್ ಅವರ ಸಹೋದರ. ಮುಂದೆ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರೂ ಆದರು. 1955ರಲ್ಲಿ ಗುಜ್ರಾಲ್ ಮತ್ತು ಸಂಗಡಿಗರು ಈ ವಸ್ತು ನಿದ್ದೆ ತರಿಸುತ್ತದೆ ಎಂದು ತೋರಿಸಿದರು. ಬಾರ್ಬಿಟುರೇಟ್ ಅಲ್ಲದ್ದು, ಆದ್ದರಿಂದ ಸುರಕ್ಷಿತ ಎಂಬ ಹೆಗ್ಗಳಿಕೆಯೊಂದಿಗೆ ಅದು ಬ್ರಿಟನ್ನಿನಲ್ಲಿ ‘ಮ್ಯಾಂಡ್ರಾಕ್ಸ್’ ಎಂದೂ ಅಮೆರಿಕದಲ್ಲಿ ‘ಕ್ವಾಲೂಡ್’ ಎಂದೂ ಮಾರಾಟವಾಯಿತು. ಹತ್ತು ವರ್ಷ ಕಳೆಯುವುದರೊಳಗೆ ಅದು ಬೀದಿಯ ಮಾದಕವಸ್ತುವಾಗಿ ಮಾರ್ಪಟ್ಟಿತು. 1984ರಲ್ಲಿ ಅಮೆರಿಕ ಅದನ್ನು ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೂ ಅದಿದೆ. ಮಲೇರಿಯಾದ ಮದ್ದು ಹುಡುಕಿದ ವಿಜ್ಞಾನಿಗಳ ತಪ್ಪು ಇದರಲ್ಲಿ ಏನೂ ಇರಲಿಲ್ಲ. ‘ಬಾರ್ಬಿಟುರೇಟ್ ಅಲ್ಲ’ ಎಂಬುದನ್ನೇ ಸುರಕ್ಷತೆಯ ಪ್ರಮಾಣಪತ್ರ ಎಂದು ಮಾರಿದವರ ಮತ್ತು ನಂಬಿದವರ ತಪ್ಪು ಅದು.

ಇಲಿ ಸಾಯದ ಮಾತ್ರೆ

ಈ ಭರವಸೆ ಅತ್ಯಂತ ದುಬಾರಿಯಾದದ್ದು ಪಶ್ಚಿಮ ಜರ್ಮನಿಯಲ್ಲಿ. 1957ರ ಅಕ್ಟೋಬರ್ 1ರಂದು ಗ್ರುನೆಂಥಾಲ್ ಎಂಬ ಕಂಪೆನಿ ಥಾಲಿಡೊಮೈಡ್ ಎಂಬ ಹೊಸ ನಿದ್ದೆ ಮಾತ್ರೆಯನ್ನು ‘ಕಾಂಟರ್ಗಾನ್’ ಹೆಸರಿನಲ್ಲಿ ಬಿಡುಗಡೆ ಮಾಡಿತು. ಇಲಿ, ಹೆಗ್ಗಣಗಳಿಗೆ ಎಷ್ಟೇ ಕೊಟ್ಟರೂ ಅವು ಸಾಯಲಿಲ್ಲ ಎಂಬುದೇ ಅದರ ದೊಡ್ಡ ಜಾಹೀರಾತು. ಬಾರ್ಬಿಟುರೇಟ್‌ಗಳ ಸಾವುಗಳಿಂದ ಹೆದರಿದ್ದ ಜನರಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೇ? ವೈದ್ಯರ ಚೀಟಿಯೂ ಬೇಕಿರಲಿಲ್ಲ. ವೃದ್ಧರು ತೆಗೆದುಕೊಂಡರು. ಬೆಳಗಿನ ವಾಕರಿಕೆಯಿಂದ ಬಳಲುತ್ತಿದ್ದ ಗರ್ಭಿಣಿಯರೂ ತೆಗೆದುಕೊಂಡರು.

ಅಂಗೈ, ಅಂಗಾಲು ಜೋಮು ಹಿಡಿಯುವ ನರಗಳ ತೊಂದರೆ ಮೊದಲು ಕಾಣಿಸಿತು. ಆಮೇಲೆ ಕೈಕಾಲುಗಳು ಬೆಳೆಯದ, ಅಂಗೈ ನೇರವಾಗಿ ಭುಜಕ್ಕೆ ಅಂಟಿಕೊಂಡಂತಿರುವ ಶಿಶುಗಳು ಹುಟ್ಟತೊಡಗಿದವು. 1961ರ ನವೆಂಬರ್‌ನಲ್ಲಿ ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಝ್ ಇದಕ್ಕೆ ಥಾಲಿಡೊಮೈಡ್ ಕಾರಣವಿರಬೇಕೆಂದು ಕಂಪೆನಿಯನ್ನು ಎಚ್ಚರಿಸಿದರು. ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಅದೇ ಸಂಶಯವನ್ನು ಬರೆದರು. ಆ ತಿಂಗಳ ಕೊನೆಯಲ್ಲಿ ಮಾತ್ರೆಯನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬಾಧಿತರಾಗಿದ್ದರೆಂದು ಅಂದಾಜು. ಅವರಲ್ಲಿ ಅನೇಕರು ಶೈಶವದಲ್ಲೇ ತೀರಿಕೊಂಡರು. ಕಂಪೆನಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2012ರಲ್ಲಿ!

ಅಮೆರಿಕದಲ್ಲಿ ಈ ದುರಂತ ದೊಡ್ಡ ಪ್ರಮಾಣದಲ್ಲಿ ನಡೆಯಲಿಲ್ಲ. ಅದಕ್ಕೆ ಮುಖ್ಯ ಕಾರಣ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ. 1960ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿ ಕೆಲಸಕ್ಕೆ ಸೇರಿದ ಅವರ ಮೇಜಿಗೆ ಬಂದ ಮೊದಲ ಕಡತಗಳಲ್ಲಿ ಇದೂ ಒಂದು. ಯುರೋಪಿನಲ್ಲೆಲ್ಲ ಮಾರಾಟವಾಗುತ್ತಿರುವ ಮಾತ್ರೆ, ಸುಲಭವಾಗಿ ಒಪ್ಪಿಗೆ ಸಿಗುತ್ತದೆ ಎಂದು ಎಲ್ಲರೂ ಭಾವಿಸಿದ್ದರು. ಕೆಲ್ಸಿ ಒಪ್ಪಲಿಲ್ಲ. ಒದಗಿಸಿದ ಪುರಾವೆ ಸಾಲದೆಂದು ಮತ್ತೆ ಮತ್ತೆ ಮಾಹಿತಿ ಕೇಳಿದರು. ನರಗಳ ತೊಂದರೆಯ ವರದಿಯನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಓದಿದ ಮೇಲೆ ಗರ್ಭಿಣಿಯರಿಗೆ ಇದರಿಂದ ಏನಾಗುತ್ತದೆ ಎಂಬುದನ್ನೂ ಕೇಳಿದರು. ಕಂಪೆನಿ ಒತ್ತಡ ಹೇರಿತು, ಮೇಲಧಿಕಾರಿಗಳಿಗೆ ದೂರಿತು. ಆಕೆ ಕದಲಲಿಲ್ಲ. 1962ರಲ್ಲಿ ಅಧ್ಯಕ್ಷ ಕೆನಡಿ ಅವರನ್ನು ಗೌರವಿಸಿದರು. ಔಷಧ ಕೆಲಸ ಮಾಡುತ್ತದೆ ಎಂಬುದನ್ನು ಸರಿಯಾದ ಪ್ರಯೋಗಗಳಿಂದ ಸಾಬೀತುಪಡಿಸಲೇಬೇಕೆಂಬ ಕಾನೂನು ಅದೇ ವರ್ಷ ಅಲ್ಲಿ ಬಂತು.

ಥಾಲಿಡೊಮೈಡ್ ‘ಸುರಕ್ಷಿತ’ ಎಂದದ್ದು ಸಂಪೂರ್ಣ ಸುಳ್ಳಾಗಿರಲಿಲ್ಲ ಎಂಬುದೇ ಇಲ್ಲಿನ ಪಾಠ. ಅದು ನಿಜಕ್ಕೂ ಬಾರ್ಬಿಟುರೇಟ್‌ನಂತೆ ಕೊಲ್ಲುತ್ತಿರಲಿಲ್ಲ. ಹಳೆಯ ಮಾತ್ರೆಯ ದೋಷ ಇದರಲ್ಲಿ ಇದೆಯೇ ಎಂದು ಪರೀಕ್ಷಿಸಿದರು, ಇಲ್ಲವೆಂದು ಸಮಾಧಾನಪಟ್ಟರು. ಹೊಸ ಮಾತ್ರೆಗೆ ತನ್ನದೇ ಆದ ಹೊಸ ದೋಷ ಇರಬಹುದೇ ಎಂದು ಕೇಳಲಿಲ್ಲ. ಕ್ಲೋರಲ್‌ನಿಂದ ಇಂದಿನವರೆಗೂ ನಡೆದುಬಂದದ್ದು ಇದೇ.

ಹದಿನೈದು ದಿನ, ಎಂಟು ವರ್ಷ

ನಮ್ಮ ಮೇಷ್ಟ್ರು ನುಂಗಿದ ಮಾತ್ರೆಯ ವಂಶ ಬೆಂಜೊಡಯಾಜೆಪೈನ್. ಇದರ ಜನಕ ಲಿಯೋ ಸ್ಟರ್ನ್‌ಬಾಕ್. ನಾಝಿಗಳ ಭಯದಿಂದ 1941ರಲ್ಲಿ ಯುರೋಪ್ ಬಿಟ್ಟು ಅಮೆರಿಕದ ನ್ಯೂಜೆರ್ಸಿ ಸೇರಿದ ಯಹೂದಿ ರಸಾಯನ ವಿಜ್ಞಾನಿ. ಅವರು ಕಂಡುಹಿಡಿದ ಲಿಬ್ರಿಯಂ 1960ರಲ್ಲೂ ವ್ಯಾಲಿಯಂ ಅಂದರೆ ಡಯಾಜೆಪಾಮ್ 1963ರಲ್ಲೂ ಮಾರುಕಟ್ಟೆಗೆ ಬಂದವು. ನೈಟ್ರಜೆಪಾಮ್, ಆಲ್‌ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಜೆಪಾಮ್ ಎಲ್ಲವೂ ಇದೇ ಕುಟುಂಬದವು.

ಒಂದು ಮಾತು ಒಪ್ಪಲೇಬೇಕು. ಬಾರ್ಬಿಟುರೇಟ್‌ಗಳಿಗೆ ಹೋಲಿಸಿದರೆ ಇವು ನಿಜಕ್ಕೂ ಸುರಕ್ಷಿತ. ಇವುಗಳಿಂದ ಲಕ್ಷಾಂತರ ಜೀವ ಉಳಿದಿರಬೇಕು. ಆತಂಕದ ತೀವ್ರ ದಾಳಿಯಲ್ಲಿ, ಅಪಸ್ಮಾರದ ತುರ್ತಿನಲ್ಲಿ ಇಂದಿಗೂ ಇವು ಬೇಕು. ಆದರೆ ದೋಷ ಬೇರೆ ಕಡೆ ಇತ್ತು. ದೇಹ ಇವುಗಳಿಗೆ ಒಗ್ಗಿಕೊಳ್ಳುತ್ತದೆ. ಬಿಟ್ಟರೆ ನಡುಕ, ಬೆವರು, ಆತಂಕ, ಮೊದಲಿಗಿಂತ ಕೆಟ್ಟ ನಿದ್ರಾಹೀನತೆ. ಕೆಲವೊಮ್ಮೆ ಫಿಟ್ಸ್ ಕೂಡ. ಹೆಚ್ಚಿನ ಪ್ರಮಾಣದ ಲಿಬ್ರಿಯಂ ಹಠಾತ್ ನಿಲ್ಲಿಸಿದರೆ ಹೀಗಾಗುತ್ತದೆ ಎಂದು ಅಮೆರಿಕದ ಲಿಯೋ ಹಾಲಿಸ್ಟರ್ 1961ರಲ್ಲೇ ತೋರಿಸಿದ್ದರು. ಯಾರೂ ಹೆಚ್ಚು ಗಮನ ಕೊಡಲಿಲ್ಲ. ಮಾತ್ರೆ ಬಿಟ್ಟಾಗ ನಿದ್ದೆ ಕೆಟ್ಟರೆ ರೋಗಿ, ವೈದ್ಯ ಇಬ್ಬರೂ ‘ರೋಗ ಮರಳಿತು’ ಎಂದುಕೊಂಡು ಮಾತ್ರೆಗೇ ಮರಳಿದರು. 1982ರಿಂದ 1994ರವರೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ ಇಂಥವರಿಗಾಗಿಯೇ ಚಿಕಿತ್ಸಾಲಯ ನಡೆಸಿ, ತಿಂಗಳುಗಟ್ಟಲೆ ಚೂರುಚೂರಾಗಿ ಪ್ರಮಾಣ ಇಳಿಸುವ ಕ್ರಮವನ್ನು ರೂಪಿಸಿದರು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಈ ಮಾತ್ರೆಗಳನ್ನು ಎರಡರಿಂದ ನಾಲ್ಕು ವಾರ ಮಾತ್ರ ಬಳಸಬೇಕೆಂದು ಸೂಚಿಸಿತು.

ವೃದ್ಧರ ಕಥೆ ಇನ್ನೂ ಬೇರೆ. ಇಂಥ ಔಷಧಗಳಲ್ಲಿ ದೀರ್ಘಕಾಲ ದೇಹದಲ್ಲಿ ಉಳಿಯುವವನ್ನು ಸೇವಿಸುವ ಹಿರಿಯರಲ್ಲಿ ಸೊಂಟದ ಮೂಳೆ ಮುರಿತ ಹೆಚ್ಚು ಎಂದು 1987ರಲ್ಲಿ ಅಮೆರಿಕದ ವೇಯ್ನ್ ರೇ ಮತ್ತು ಸಂಗಡಿಗರು ಪ್ರಕಟಿಸಿದರು. ವಯಸ್ಸಾದಂತೆ ದೇಹ ಔಷಧವನ್ನು ಹೊರಹಾಕುವುದು ನಿಧಾನ. ಅರ್ಧ ನಿದ್ದೆಯಲ್ಲಿ ಎದ್ದವರ ಕಾಲು ತಡವರಿಸುತ್ತದೆ. ನಮ್ಮ ಮೇಷ್ಟ್ರು ಬಿದ್ದದ್ದು ಆಕಸ್ಮಿಕವೆಂದು ಎಲ್ಲರೂ ಅಂದರು. ಆದರೆ ಇಂಥ ಬೀಳುವಿಕೆಯ ಎಚ್ಚರಿಕೆ ಅವರು ಮೊದಲ ಮಾತ್ರೆ ನುಂಗುವುದಕ್ಕೆ ಬಹಳ ಮೊದಲೇ ಅಚ್ಚಾಗಿತ್ತು.

ಮುಂದಿನ ಉತ್ತರ ‘ಝಡ್’ ಔಷಧಗಳು. ಇಂಗ್ಲಿಷಿನಲ್ಲಿ ಇವುಗಳ ಹೆಸರು ಆ ಅಕ್ಷರದಿಂದ ಆರಂಭವಾಗುವುದರಿಂದ ಈ ಹೆಸರು. ಝೋಲ್ಪಿಡೆಮ್ 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬೇಗ ಕೆಲಸ ಮಾಡುತ್ತದೆ, ಬೇಗ ಹೊರಹೋಗುತ್ತದೆ, ಚಟ ಕಡಿಮೆ ಎಂಬ ಹೊಗಳಿಕೆ ಇತ್ತು. ಇಪ್ಪತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ಅಲ್ಲಿನ ಔಷಧ ಆಡಳಿತ ಮಹಿಳೆಯರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಮಹಿಳೆಯರ ದೇಹದಿಂದ ಅದು ನಿಧಾನವಾಗಿ ಹೊರಹೋಗುವುದರಿಂದ ಬೆಳಿಗ್ಗೆ ವಾಹನ ಓಡಿಸುವಾಗಲೂ ಮಂಪರು ಉಳಿದಿರುತ್ತಿತ್ತು. ಇಪ್ಪತ್ತು ವರ್ಷ ಮಹಿಳೆಯರು ತಮಗೆ ಬೇಕಾದುದಕ್ಕಿಂತ ದುಪ್ಪಟ್ಟು ನುಂಗುತ್ತಿದ್ದರು ಎಂದರ್ಥ. 2019ರಲ್ಲಿ ಇನ್ನೊಂದು ಕಟ್ಟೆಚ್ಚರಿಕೆ ಬಂತು: ನಿದ್ದೆಯಲ್ಲೇ ಎದ್ದು ನಡೆಯುವುದು, ಅಡುಗೆ ಮಾಡುವುದು, ಕಾರು ಓಡಿಸುವುದು, ಅದರಿಂದ ಸಾವುನೋವು. 2020ರಲ್ಲಿ ಎಲ್ಲ ಬೆಂಜೊಡಯಾಜೆಪೈನ್‌ಗಳ ಮೇಲೂ ಅವಲಂಬನೆಯ ಬಗ್ಗೆ ಅಂಥದೇ ಎಚ್ಚರಿಕೆ ಮುದ್ರಿಸಲು ಆದೇಶವಾಯಿತು.

ಹಾಗಾದರೆ ಇಂದು ಏನು?

ಇತಿಹಾಸ ಹೇಳಿ ಸುಮ್ಮನಾದರೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕಂತಾಗದು. ಇಂದು ತಿಳಿದಿರುವುದನ್ನು ಸರಳವಾಗಿ ಹೇಳುವೆ.

ಮೊದಲನೆಯದಾಗಿ, ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ. 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು, 2017ರಲ್ಲಿ ಯುರೋಪಿನ ತಜ್ಞರು ಒಂದೇ ಮಾತು ಹೇಳಿದರು: ನಿದ್ದೆಯ ಅಭ್ಯಾಸವನ್ನೂ ನಿದ್ದೆಯ ಬಗೆಗಿನ ಭಯವನ್ನೂ ತಿದ್ದುವ ಮನೋಚಿಕಿತ್ಸೆಯೇ ಮೊದಲು. ರಿಚರ್ಡ್ ಬೂಟ್ಝಿನ್ 1972ರಲ್ಲಿ, ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ರೂಪಿಸಿದ ವಿಧಾನಗಳು ಇದರ ಬುನಾದಿ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಹೊರಳಾಡುತ್ತಾ ಇರದೆ ಎದ್ದು ಬೇರೆಡೆ ಕೂರುವುದು, ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಹಾಸಿಗೆಯಲ್ಲಿ ಕಳೆಯುವ ಒಟ್ಟು ಸಮಯವನ್ನು ಮೊದಲು ಮಿತಗೊಳಿಸಿ ಆಮೇಲೆ ಹಿಗ್ಗಿಸುವುದು. ಕೇಳಲು ಸಪ್ಪೆ ಅನ್ನಿಸುತ್ತದೆ. ಮೊದಲ ಒಂದೆರಡು ವಾರ ಕಷ್ಟವೂ ಹೌದು. ಅಪಸ್ಮಾರ ಅಥವಾ ಉನ್ಮಾದದ ಕಾಯಿಲೆ ಇರುವವರು ವೈದ್ಯರ ಮೇಲ್ವಿಚಾರಣೆ ಇಲ್ಲದೆ ನಿದ್ದೆ ಕಡಿತ ಮಾಡಕೂಡದು. ಆದರೆ ಇದರ ಫಲ ಮಾತ್ರೆ ನಿಂತ ಮೇಲೂ ಉಳಿಯುತ್ತದೆ.

ಎರಡನೆಯದಾಗಿ, ನಿದ್ದೆ ಏಕೆ ಬರುತ್ತಿಲ್ಲ ಎಂಬುದನ್ನು ಹುಡುಕಬೇಕು. ಖಿನ್ನತೆ, ನೋವು, ಥೈರಾಯ್ಡ್, ಸಂಜೆಯ ಚಹಾ ಕಾಫಿ, ಬೇರೆ ಕಾಯಿಲೆಯ ಮಾತ್ರೆ, ಹೀಗೆ ಏನೂ ಕಾರಣವಿರಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗೆ ಶಾಮಕ ಮಾತ್ರೆ ಅಪಾಯ ತರಬಹುದು.

ಮೂರನೆಯದಾಗಿ, ಮಾತ್ರೆಯೇ ಬೇಕಾದಾಗ ಆಯ್ಕೆಗಳಿವೆ. ನಿಧಾನವಾಗಿ ಬಿಡುಗಡೆಯಾಗುವ 2 ಮಿಲಿಗ್ರಾಂ ಮೆಲಟೋನಿನ್ ಮಾತ್ರೆಗೆ 55 ದಾಟಿದವರಿಗಾಗಿ 2007ರಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿತು. ಅದರ ಪರಿಣಾಮ ಮಿತವಾದುದು, ಅಪಾಯವೂ ಕಡಿಮೆ. ಆದರೆ ಪೂರಕ ಆಹಾರವೆಂದು ಮಾರುವ ಮೆಲಟೋನಿನ್ ಬೇರೆಯೇ ಮಾತು. ಕೆನಡಾದಲ್ಲಿ 31 ಬಗೆಯ ಇಂಥ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೇಬಲ್ಲಿನಲ್ಲಿ ಬರೆದುದಕ್ಕಿಂತ 83 ಶೇಕಡಾ ಕಡಿಮೆಯಿಂದ 478 ಶೇಕಡಾ ಹೆಚ್ಚಿನವರೆಗೆ ಮೆಲಟೋನಿನ್ ಸಿಕ್ಕಿತು. ಅತಿ ಕಡಿಮೆ ಪ್ರಮಾಣದ ಡಾಕ್ಸೆಪಿನ್‌ಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಚ್ಚರವನ್ನು ಕಾಯುವ ‘ಒರೆಕ್ಸಿನ್’ ಎಂಬ ಮಿದುಳಿನ ವಸ್ತು ಪತ್ತೆಯಾದದ್ದು 1998ರಲ್ಲಿ. ಅದನ್ನು ತಡೆಯುವ ಸುವೊರೆಕ್ಸಾಂಟ್ 2014ರಲ್ಲಿ, ಲೆಂಬೊರೆಕ್ಸಾಂಟ್ 2019ರಲ್ಲಿ, ಡಾರಿಡೊರೆಕ್ಸಾಂಟ್ 2022ರಲ್ಲಿ ಅಲ್ಲಿ ಒಪ್ಪಿಗೆ ಪಡೆದವು. ಅವಲಂಬನೆಯ ವಿಷಯದಲ್ಲಿ ಇವು ಹಳೆಯವಕ್ಕಿಂತ ಉತ್ತಮವೆಂದು ಈವರೆಗಿನ ಪುರಾವೆ ಹೇಳುತ್ತದೆ. ಆದರೆ ನಮ್ಮ ಕಥೆಯನ್ನು ಓದಿದವರು ‘ಈವರೆಗಿನ’ ಎಂಬ ಪದವನ್ನು ಗಮನಿಸಬೇಕು. ಇನ್ನು ಶೀತ, ಅಲರ್ಜಿಗೆಂದು ಇರುವ ಮಂಪರು ಬರಿಸುವ ಹಳೆಯ ಮಾತ್ರೆಗಳನ್ನು ನಿದ್ದೆಗಾಗಿ ನುಂಗುವ ಅಭ್ಯಾಸ ಹಿರಿಯರಿಗೆ ಒಳ್ಳೆಯದಲ್ಲ. ಗೊಂದಲ, ಮೂತ್ರಕಟ್ಟು, ಬೀಳುವಿಕೆ ಅವುಗಳಿಂದಲೂ ಬರುತ್ತದೆ.

ನಾಲ್ಕನೆಯದು ಕಾನೂನು. ಆಲ್‌ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಝೋಲ್ಪಿಡೆಮ್ ಮುಂತಾದವು ನಮ್ಮ ದೇಶದಲ್ಲಿ 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ. ವೈದ್ಯರ, ರೋಗಿಯ ಹೆಸರನ್ನು ಅಂಗಡಿಯವರು ದಾಖಲಿಸಿ ಮೂರು ವರ್ಷ ಇಡಬೇಕು. ನಿಯಮ ಇದೆ. ಆದರೆ ಹರಿದ ಚೀಟಿಯ ಮುಂದೆ, ಪರಿಚಯದ ಮುಖದ ಮುಂದೆ ಅದು ಸೋಲುತ್ತದೆ. ಮೇಷ್ಟ್ರಿಗೆ ಮಾತ್ರೆ ಕೊಟ್ಟ ಹುಡುಗ ಕೆಟ್ಟವನಲ್ಲ, ಉಪಕಾರ ಮಾಡುತ್ತಿದ್ದೇನೆಂದೇ ಭಾವಿಸಿದ್ದ.

ಇದನ್ನೆಲ್ಲ ಓದಿ ಯಾರೂ ಇಂದು ರಾತ್ರಿಯೇ ಮಾತ್ರೆ ಎಸೆಯಬಾರದು. ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ವರ್ಷಗಟ್ಟಲೆ ತೆಗೆದುಕೊಂಡ ಮಾತ್ರೆಯನ್ನು ವೈದ್ಯರೊಡನೆ ಮಾತಾಡಿ ಹಂತಹಂತವಾಗಿ ಇಳಿಸಬೇಕು. ನಿದ್ದೆಯಿಲ್ಲದ ರಾತ್ರಿಗಳ ಹಿಂದೆ ಬದುಕೇ ಬೇಡ ಎನ್ನಿಸುವ ದುಃಖ ಇದ್ದರೆ 14416 ಎಂಬ ಸರಕಾರದ ಉಚಿತ ದೂರವಾಣಿ ಇದೆ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಮೇಷ್ಟ್ರನ್ನು ನೋಡಲು ಹೋದಾಗ ಅವರಿಗೆ ಒಂದು ಮಾತ್ರೆಯ ಹೆಸರು ಹೇಳಲಿಲ್ಲ, ಮೂರು ಪ್ರಶ್ನೆಗಳನ್ನು ಹೇಳಿದೆ. ಯಾವುದಕ್ಕೆ ಹೋಲಿಸಿದರೆ ಇದು ಸುರಕ್ಷಿತ? ನನ್ನ ವಯಸ್ಸಿಗೆ, ನನ್ನ ಬೇರೆ ಕಾಯಿಲೆಗಳ ನಡುವೆ ಸುರಕ್ಷಿತವೇ? ಎಷ್ಟು ದಿನಕ್ಕೆ, ಮತ್ತು ನಿಲ್ಲಿಸುವ ದಿನ ಯಾವುದು? ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವನ್ನು ಹಳೆಯ ಚೀಟಿಯ ಬೆನ್ನಿಗೆ ಬರೆದುಕೊಂಡರು. ಅವರ ವೈದ್ಯರು ಆ ಪ್ರಶ್ನೆಗಳಿಗೆ ಬೇಸರಿಸಲಿಲ್ಲ. ಏಳು ತಿಂಗಳಲ್ಲಿ ಮಾತ್ರೆ ಅರ್ಧವಾಗಿ, ಕಾಲಾಗಿ, ಕೊನೆಗೆ ನಿಂತಿತು. ಈಗಲೂ ಕೆಲವು ರಾತ್ರಿ ಮೇಷ್ಟ್ರಿಗೆ ನಿದ್ದೆ ಬರುವುದಿಲ್ಲ. ಆಗ ದೀಪ ಹಾಕಿ, ಊರುಗೋಲು ಹಿಡಿದು, ಹಜಾರದ ಕುರ್ಚಿಗೆ ಬಂದು ಕೂತು ಓದುತ್ತಾರೆ.

“ಆಕೆಯ ನೆನಪಾಗುತ್ತದಪ್ಪಾ,” ಎಂದರು ಮೊನ್ನೆ. “ಎಂಟು ವರ್ಷ ಅದನ್ನೂ ಮಲಗಿಸಿಬಿಟ್ಟಿದ್ದೆ.”